ನೂರಾ ತೊಂಬತ್ತೆರಡು ಡಾಟ್ ನೂರಾ ಅರವತ್ತೆಂಟು

ನಮ್ಮ ಮನೆಯಲ್ಲಿ ಮಿಕ್ಸಿ, ಗೀಸರ್, ಇಸ್ತ್ರಿ ಪೆಟ್ಟಿಗೆಗಳನ್ನು ಬಿಟ್ಟರೆ ಕರೆಂಟಿನಿಂದ ಬದುಕುವ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೊಂದು ನಂಬರಿದೆ. ಟೀವಿಗಿದೆ, ಪ್ರಿಂಟರಿಗಿದೆ, ಗೇಟಿನ ಕ್ಯಾಮೆರಾಕ್ಕಿದೆ, ಅಪ್ಪನ ಫೋನಿಗಿದೆ. ಎಲ್ಲವೂ 192.168.1 ಎಂದೇ ಶುರುವಾಗುತ್ತವೆ, ಕೊನೆಯ ಚುಕ್ಕಿಯ ಆಚೆಗಿನ ಅಂಕಿಯಷ್ಟೇ ಬೇರೆ. ಆ ಕೊನೆಯ ಅಂಕಿ ಯಾರಿಗೆ ಯಾವುದು ಎಂದು ಗೊತ್ತುಮಾಡುವ ಅಧಿಕಾರ ನನ್ನದು. ಇದನ್ನು ಯಾರೂ ಕರೆದು ಕೊಟ್ಟದ್ದಲ್ಲ. ನೆಟ್ ಹೋದಾಗ ರೂಟರ್ ಡಬ್ಬಿಯ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡುವುದಕ್ಕಿಂತ ತುಸು ಹೆಚ್ಚು ಗೊತ್ತಿದ್ದವನಿಗೆ ಈ ಹುದ್ದೆ ಪ್ರತಿ ಮನೆಯಲ್ಲೂ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಸಂಬಳವಿಲ್ಲ, ರಜೆಯಿಲ್ಲ, ರಾಜೀನಾಮೆ ಕೊಟ್ಟರೆ ತೆಗೆದುಕೊಳ್ಳುವವರೂ ಇಲ್ಲ.

ಮನೆ ಇರುವುದು ಶಿವಮೊಗ್ಗದಲ್ಲಿ. ಕೆಳಗೆ ಅಣ್ಣನ ಟ್ಯಾಕ್ಸ್ ಆಫೀಸು, ಮೇಲೆ ಸಂಸಾರ. ಆಫೀಸಿನಲ್ಲಿ ಮೂರು ಕಂಪ್ಯೂಟರು, ಎರಡು ಪ್ರಿಂಟರು, ಕ್ಯಾಮೆರಾಗಳ ರೆಕಾರ್ಡಿಂಗ್ ಪೆಟ್ಟಿಗೆ. ಮೂರರಲ್ಲಿ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಗಿರಾಕಿಗಳೆಲ್ಲರ ಟ್ಯಾಲಿ ಲೆಕ್ಕ ಇದೆ; ಮಿಕ್ಕೆರಡು ಅದರಿಂದಲೇ ತೆಗೆದು ಓದುತ್ತವೆ. ಮೇಲೆ ನಮ್ಮ ಫೋನುಗಳು, ಮಕ್ಕಳ ಲ್ಯಾಪ್‌ಟಾಪು, ಟೀವಿ. ಭಾನುವಾರ ನೆಂಟರು ಬಂದರೆ ಸಂಖ್ಯೆ ಮೂವತ್ತು ಮುಟ್ಟುತ್ತದೆ. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದಂತೆ. ನಮ್ಮಲ್ಲಿ ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿದ ಒಂದು ಕಾಗದ ಇದೆ.

ಈ 192.168 ನಮ್ಮ ಸ್ವಂತ ಆಸ್ತಿಯೇನಲ್ಲ. ಎದುರು ಮನೆಯವರದೂ ಬಹುಶಃ ಅದೇ, ಗಾಂಧಿ ಬಜಾರಿನ ಬಟ್ಟೆ ಅಂಗಡಿಯದೂ ಅದೇ, ಬೋಸ್ಟನ್ನಿನಲ್ಲಿರುವ ತಂಗಿಯ ಮನೆಯದೂ ಅದೇ. ಇದೊಂದು ವಿಚಿತ್ರ ಏರ್ಪಾಡು. ಇಂಟರ್ನೆಟ್ಟಿನ ವಿಳಾಸ ಪದ್ಧತಿ 1981ರಲ್ಲಿ ಗಟ್ಟಿಯಾದಾಗ ಒಂದು ವಿಳಾಸಕ್ಕೆ 32 ಬಿಟ್ ಎಂದು ನಿಗದಿ ಮಾಡಿದರು. ಅಂದರೆ ಸುಮಾರು 429 ಕೋಟಿ ವಿಳಾಸ. ಜಾಲಕ್ಕೆ ಸೇರಿದ್ದ ಕಂಪ್ಯೂಟರುಗಳು ಆಗ ಕೆಲವೇ ನೂರು, ಹಾಗಾಗಿ ಕೈ ಧಾರಾಳವಾಗಿತ್ತು. ಯಾರಿಗೆ ಯಾವ ನಂಬರು ಎಂಬ ಲೆಕ್ಕವನ್ನು ಕ್ಯಾಲಿಫೋರ್ನಿಯದಲ್ಲಿ ಜಾನ್ ಪೋಸ್ಟೆಲ್ ಎಂಬ ಗಡ್ಡದ ಮನುಷ್ಯ ನೋಡಿಕೊಳ್ಳುತ್ತಿದ್ದ. ನನ್ನ ಹುದ್ದೆಯ ಮೂಲಪುರುಷ ಅವನೇ ಎಂದು ನಾನು ತಿಳಿದಿದ್ದೇನೆ. ಅವನು ಆ ವರ್ಷ ಹೊರಡಿಸಿದ ಪಟ್ಟಿಯಲ್ಲಿ 10 ಎಂಬ ಸಂಖ್ಯೆ ಅರ್ಪಾನೆಟ್ ಎಂಬ ಮೂಲ ಜಾಲದ ಹೆಸರಿನಲ್ಲಿದೆ. 1990ರಲ್ಲಿ ಅರ್ಪಾನೆಟ್ ಬಾಗಿಲು ಹಾಕಿತು, 10 ಖಾಲಿ ಬಿತ್ತು.

ಅಷ್ಟು ಹೊತ್ತಿಗೆ 429 ಕೋಟಿ ಸಾಲುವುದಿಲ್ಲ ಎಂಬುದು ಎಲ್ಲರ ತಲೆಗೆ ಹೋಗಿತ್ತು. ಆಗ ಮಾಡಿಕೊಂಡ ಉಪಾಯ ಇಷ್ಟು: ಕೆಲವು ನಂಬರುಗಳನ್ನು ಯಾರ ಹೆಸರಿಗೂ ಬರೆಯದೆ ಎಲ್ಲರಿಗೂ ಬಿಟ್ಟುಕೊಡುವುದು. ನಿಮ್ಮ ಗೋಡೆಯೊಳಗೆ ಹೇಗೆ ಬೇಕಾದರೂ ಹಂಚಿಕೊಳ್ಳಿ, ಹೊರಗಿನ ರಸ್ತೆಗೆ ಮಾತ್ರ ತರಬೇಡಿ. 1996ರ ಫೆಬ್ರವರಿಯಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ದಸ್ತಾವೇಜಿನಲ್ಲಿ ಆ ಮೂರು ಗುಂಪುಗಳು ನಿಂತವು. ಅರ್ಪಾನೆಟ್ ಬಿಟ್ಟುಹೋದ 10 ಇಡಿಯಾಗಿ, 172.16ರಿಂದ 172.31ರವರೆಗೆ, ಮತ್ತು ನಮ್ಮ 192.168. ಒಳಗಿನವರು ಹೊರಗೆ ಹೋಗುವಾಗ ರೂಟರು ಅವರ ಒಳ ವಿಳಾಸ ಅಳಿಸಿ ತನ್ನ ಹೊರ ವಿಳಾಸ ಬರೆದು ಕಳಿಸುತ್ತದೆ, ಉತ್ತರ ಬಂದಾಗ ನೆನಪಿಟ್ಟು ಸರಿಯಾದವರಿಗೆ ಕೊಡುತ್ತದೆ. ಇಷ್ಟೆಲ್ಲ ಉಳಿತಾಯ ಮಾಡಿಯೂ 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಬರಿದಾಯಿತು. ಏಪ್ರಿಲಿನಲ್ಲಿ ನಮ್ಮ ಏಷ್ಯಾ–ಪೆಸಿಫಿಕ್ ಭಾಗದ ಉಗ್ರಾಣದಲ್ಲೂ ತಳ ಕಂಡಿತು, ಅಲ್ಲಿಂದಾಚೆಗೆ ರೇಷನ್. ನಮ್ಮ ಮನೆಯ ನಂಬರುಗಳಿಗೆ ಇದರಿಂದ ಏನೂ ಆಗಲಿಲ್ಲ. ಬಿಟ್ಟಿ ಸಿಕ್ಕಿದ್ದು ಖರ್ಚಾಗುವುದಿಲ್ಲ.

ಇನ್ನು ಹಂಚುವ ಕೆಲಸ. ಹಾಗೆ ನೋಡಿದರೆ ನಾನೇನೂ ಮಾಡಬೇಕಾಗಿಯೇ ಇಲ್ಲ. ರೂಟರಿನೊಳಗೆ ಡಿಎಚ್‌ಸಿಪಿ ಎಂಬ ಗುಮಾಸ್ತ ಕೂತಿದ್ದಾನೆ. 1993ರಲ್ಲಿ ರಾಲ್ಫ್ ಡ್ರೋಮ್ಸ್ ಎಂಬವರು ಮೊದಲು ಬರೆದು ಆಮೇಲೆ ತಿದ್ದಿದ ನಿಯಮಗಳ ಪ್ರಕಾರ ಇವತ್ತಿಗೂ ಅವನ ಕೆಲಸ ನಡೆಯುತ್ತಿದೆ. ಮದುವೆ ಛತ್ರದಲ್ಲಿ ಕೀ ಗೊಂಚಲು ಹಿಡಿದು ಕೂತವನನ್ನು ನೆನೆಸಿಕೊಳ್ಳಿ. ಬಸ್ಸಿಳಿದು ಬಂದ ನೆಂಟ ಬಾಗಿಲಲ್ಲಿ ನಿಂತು, ‘ರೂಮು ಯಾರು ಕೊಡ್ತೀರ್ರೀ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ. ಯಾರನ್ನು ಕೇಳಬೇಕು ಎಂಬುದೂ ಅವನಿಗೆ ಗೊತ್ತಿಲ್ಲ. ಕೀಯವನು, ‘ನೂರಾ ಏಳು ಖಾಲಿ ಇದೆ, ನಡೀತದಾ?’ ಅನ್ನುತ್ತಾನೆ. ‘ಅದನ್ನೇ ಕೊಡಿ.’ ‘ತಗೊಳ್ಳಿ, ನಾಳೆ ಈ ಹೊತ್ತಿನ ತನಕ ನಿಮ್ದು.’ ನಾಲ್ಕೇ ಮಾತು. ಫೋನು ವೈಫೈಗೆ ಸೇರುವ ಆ ಅರೆಕ್ಷಣದಲ್ಲಿ ನಡೆಯುವುದು ಇದೇ ನಾಲ್ಕು ಮಾತು. ಅರ್ಧ ಅವಧಿ ಕಳೆಯುತ್ತಲೇ ಫೋನು ಮತ್ತೆ ಹೋಗಿ ಗಡುವು ಮುಂದೂಡಿಸಿಕೊಂಡು ಬರುತ್ತದೆ. ಹಾಗಾಗಿ ಮನೆಯಲ್ಲೇ ಇರುವ ಫೋನಿನ ನಂಬರು ತಿಂಗಳಾನುಗಟ್ಟಲೆ ಬದಲಾಗದೆಯೂ ಇರಬಹುದು.

ಬದಲಾಗುವುದು ಕರೆಂಟು ಹೋಗಿ ಬಂದಾಗ. ನಮ್ಮ ಹಳೆಯ ಡಬ್ಬಿಗೆ ಮರೆವಿನ ರೋಗವಿತ್ತು. ಕರೆಂಟು ಹೋದರೆ ಯಾರಿಗೆ ಯಾವ ನಂಬರು ಕೊಟ್ಟಿದ್ದೆ ಎಂಬುದು ಅದಕ್ಕೆ ಅಳಿಸಿಹೋಗುತ್ತಿತ್ತು. ಬಂದ ಮೇಲೆ ಯಾರು ಮೊದಲು ಕೂಗಿದರೋ ಅವರಿಗೆ ಮೊದಲ ನಂಬರು. ನನಗೆ ಈ ಹುದ್ದೆ ಬಂದದ್ದೇ ಇಂಥ ಒಂದು ಮಧ್ಯಾಹ್ನ. ತಾರೀಖು 20, ಜಿಎಸ್‌ಟಿಆರ್-3ಬಿ ರಿಟರ್ನಿಗೆ ಕಡೆಯ ದಿನ. ಅಣ್ಣನ ಆಫೀಸಿನಲ್ಲಿ ಅಂದು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕರೆಂಟು ಹೋಗಿ ಬಂತು, ಪ್ರಿಂಟರು ‘ಆಫ್‌ಲೈನ್’ ಎಂದಿತು. ಅತ್ತಿಗೆ ಮೆಟ್ಟಿಲ ಬುಡದಲ್ಲಿ ನಿಂತು, ‘ಏನೋ, ಪ್ರಿಂಟರ್ ಸತ್ತೋಯ್ತು ಕಣೋ, ಬಾರೋ ಒಂದ್ಸಲ’ ಎಂದು ಕರೆದರು. ಹೋಗಿ ನೋಡಿದರೆ ಪ್ರಿಂಟರು ಆರೋಗ್ಯವಾಗಿಯೇ ಇದೆ, ಹಸಿರು ದೀಪ ಉರಿಯುತ್ತಿದೆ.

‘ಸತ್ತಿಲ್ಲ ಅತ್ತಿಗೆ, ಮನೆ ಬದಲಾಯಿಸಿದೆ.’

‘ಯಾರ ಮನೆ?’

ಬೆಳಿಗ್ಗೆ ಪ್ರಿಂಟರಿನ ನಂಬರು 5 ಆಗಿತ್ತು. ಕರೆಂಟು ಬಂದಾಗ ಅದು ಮೈಮುರಿದು ಏಳುವಷ್ಟರಲ್ಲಿ, ಕುರ್ಚಿಯಲ್ಲಿ ಕಾಯುತ್ತಿದ್ದ ಗಿರಾಕಿಯೊಬ್ಬರ ಫೋನು 5ನ್ನು ಹಿಡಿದುಬಿಟ್ಟಿತ್ತು. ಪ್ರಿಂಟರಿಗೆ ಸಿಕ್ಕಿದ್ದು 9. ಕಂಪ್ಯೂಟರಿನ ತಲೆಯಲ್ಲಿ ಮಾತ್ರ ಪ್ರಿಂಟರ್ ಅಂದರೆ 5 ಎಂದೇ ಬರೆದಿತ್ತು. ಹಾಗಾಗಿ ಅದು ಚಲನ್‌ಗಳನ್ನೆಲ್ಲ ಒಂದೊಂದಾಗಿ ಆ ಗಿರಾಕಿಯ ಫೋನಿಗೆ ಅಚ್ಚು ಮಾಡಲು ಒಯ್ಯುತ್ತಿತ್ತು. ಫೋನು ‘ನಿಮಗೆ ಇಲ್ಲಿ ಕೆಲಸವಿಲ್ಲ’ ಎಂದು ತಿರುಗಿಸಿ ಕಳಿಸುತ್ತಿತ್ತು. ಗಿರಾಕಿ ಇದೊಂದೂ ಗೊತ್ತಿಲ್ಲದೆ ಕ್ರಿಕೆಟ್ ನೋಡುತ್ತಿದ್ದರು.

ಇಲ್ಲಿಂದ ನಾನೊಂದು ಕಟ್ಟುಪಾಡು ಮಾಡಿಕೊಂಡೆ. ನಾವು ಹುಡುಕಿಕೊಂಡು ಹೋಗಬೇಕಾದವರಿಗೆ ಖಾಯಂ ವಿಳಾಸ. ತಾವೇ ಬೇರೆಯವರನ್ನು ಹುಡುಕಿಕೊಂಡು ಹೋಗುವವರಿಗೆ ಯಾವ ನಂಬರಾದರೂ ನಡೆಯುತ್ತದೆ. ಫೋನನ್ನು ಮನೆಯೊಳಗೆ ಯಾರೂ ನಂಬರು ಹಿಡಿದು ಹುಡುಕುವುದಿಲ್ಲ, ಅದೇ ಎಲ್ಲಿಗೋ ಹೋಗುತ್ತಿರುತ್ತದೆ. ಪ್ರಿಂಟರು ಎಲ್ಲಿಗೂ ಹೋಗುವುದಿಲ್ಲ, ಎಲ್ಲರೂ ಅದರ ಹತ್ತಿರ ಬರುತ್ತಾರೆ. ಟ್ಯಾಲಿ ಕಂಪ್ಯೂಟರೂ ಹಾಗೆಯೇ, ಕ್ಯಾಮೆರಾ ಪೆಟ್ಟಿಗೆಯೂ ಹಾಗೆಯೇ. ಹೊಸದಾಗಿ ಕಲಿತವರಿಗೆ ಎಲ್ಲಕ್ಕೂ ಒಂದೊಂದು ನಂಬರು ಕಟ್ಟಿಹಾಕುವ ಹುಚ್ಚು ಹಿಡಿಯುತ್ತದೆ. ನನ್ನ ಸ್ನೇಹಿತನೊಬ್ಬ ಮಗನ ಆಟದ ಕಾರಿಗೂ ಖಾಯಂ ನಂಬರು ಕೊಟ್ಟಿದ್ದ. ಕಾರು ಮುರಿಯಿತು, ನಂಬರು ಮಾತ್ರ ಇವತ್ತಿಗೂ ಅದರ ಹೆಸರಿನಲ್ಲೇ ಇದೆ.

ಖಾಯಂ ಮಾಡುವುದಕ್ಕೆ ಎರಡು ದಾರಿ. ಪ್ರಿಂಟರಿನ ಮೆನುವಿನಲ್ಲೇ ಹೋಗಿ ‘ನಿನ್ನ ನಂಬರು 20’ ಎಂದು ಬರೆದುಬಿಡುವುದು ಒಂದು. ‘ಈ ಗುರುತಿನವರು ಬಂದರೆ 20ನ್ನೇ ಕೊಡು’ ಎಂದು ಗುಮಾಸ್ತನಿಗೆ ಹೇಳಿಡುವುದು ಇನ್ನೊಂದು. ರೂಟರಿನ ಪುಟದಲ್ಲಿ ಇದಕ್ಕೆ ಅಡ್ರೆಸ್ ರಿಸರ್ವೇಶನ್ ಎಂದಿರುತ್ತದೆ. ನನ್ನ ಓಟು ಎರಡನೆಯದಕ್ಕೆ. ಲೆಕ್ಕ ಒಂದೇ ಕಡೆ ಇರುತ್ತದೆ. ಮೊದಲನೆಯದರಲ್ಲಿ ಯಂತ್ರಕ್ಕೆ ಮಾತ್ರ ಗೊತ್ತು, ಗುಮಾಸ್ತನಿಗೆ ಗೊತ್ತಿಲ್ಲ; ಅವನು ಅದೇ 20ನ್ನು ಇನ್ನೊಬ್ಬರಿಗೂ ಕೊಟ್ಟಾನು. ಆಗ ‘20 ಯಾರು?’ ಎಂದು ಕೇಳಿದರೆ ಇಬ್ಬರು ‘ನಾನು’ ಅನ್ನುತ್ತಾರೆ. ಒಮ್ಮೆ ಇವರಿಗೆ ಹೋಗುತ್ತದೆ, ಒಮ್ಮೆ ಅವರಿಗೆ. ಪೂರ್ತಿ ಕೆಟ್ಟುಹೋದದ್ದನ್ನು ಸರಿಮಾಡಬಹುದು, ಇಂಥ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಮದ್ದು ಸಿಗುವುದು ಕಷ್ಟ.

ಗುಮಾಸ್ತನಿಗೆ ಹೇಳಬೇಕಾದ ಆ ಗುರುತು ಮ್ಯಾಕ್ ವಿಳಾಸ. ಯಂತ್ರ ಕಾರ್ಖಾನೆಯಲ್ಲಿ ಹುಟ್ಟುವಾಗಲೇ ಮೈಮೇಲೆ ಬರೆಸಿಕೊಂಡು ಬಂದ ಹನ್ನೆರಡು ಅಕ್ಷರಗಳು, ಮೊದಲ ಆರು ತಯಾರಕರದು, ಉಳಿದಾರು ಆ ಒಂದು ಯಂತ್ರದ್ದು. ಇದನ್ನು ಓದುವುದೇ ಒಂದು ಸಾಹಸ. ಪ್ರಿಂಟರಿನದು ಬೆನ್ನಿನ ಮೇಲೆ, ಪವರ್ ವಯರಿನ ಪಕ್ಕ, ಗೋಡೆಗೆ ಮುಖ ಮಾಡಿ ಇರುತ್ತದೆ. ನಾನು ಗೋಡೆಗೆ ಕೆನ್ನೆ ಒತ್ತಿ, ಮೊಬೈಲ್ ಟಾರ್ಚು ಹಿಡಿದು ಒಂದೊಂದೇ ಅಕ್ಷರ ಹೇಳುವುದು, ಅತ್ತಿಗೆ ಬರೆದುಕೊಳ್ಳುವುದು. ‘ಸೊನ್ನೆಯೋ ಓ ಅಕ್ಷರವೋ?’ ಎಂದು ಅವರು ಕೇಳುತ್ತಿದ್ದರು. ಇದಕ್ಕೆ ಉತ್ತರ ಸುಲಭ: ಅಂಕಿಗಳಲ್ಲದೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳು ಮಾತ್ರ ಇಲ್ಲಿ ಬರುತ್ತವೆ, ಎಫ್ ಆದಮೇಲೆ ಅಕ್ಷರವೇ ಇಲ್ಲ. ಹಾಗಾಗಿ ದುಂಡಗೆ ಕಂಡದ್ದೆಲ್ಲ ಸೊನ್ನೆ. ಪೀಕಲಾಟ ಬರುವುದು ಎಂಟಕ್ಕೂ ಬಿ ಅಕ್ಷರಕ್ಕೂ. ಧೂಳು ಕೂತ ಚೀಟಿಯಲ್ಲಿ ಅವೆರಡಕ್ಕೂ ವ್ಯತ್ಯಾಸ ದೇವರಿಗೇ ಗೊತ್ತು. ಆಮೇಲೆ ಪ್ರಿಂಟರಿನ ಸೆಟ್ಟಿಂಗಿನಿಂದಲೇ ಅದರ ನೆಟ್‌ವರ್ಕ್ ವಿವರದ ಪುಟವನ್ನು ಅಚ್ಚು ಹಾಕಿಸಬಹುದು ಎಂದು ತಿಳಿಯಿತು. ತನ್ನ ಜಾತಕವನ್ನು ತಾನೇ ಅಚ್ಚು ಹಾಕಿ ಕೈಗೆ ಕೊಡುವ ಪ್ರಾಣಿ ಅದೊಂದೇ.

ಕಾಗದದ ಮೇಲಿನ ಏರ್ಪಾಡು ಹೀಗೆ ಬೆಳೆಯಿತು. 1 ಎಂದಿಗೂ ಮುಖ್ಯ ರೂಟರು. ಟ್ಯಾಲಿ ಕಂಪ್ಯೂಟರಿಗೆ 10. ಪ್ರಿಂಟರುಗಳಿಗೆ 20, 21. ಮುಂದೆ ಇನ್ನೊಂದು ಬಂದರೆ 22 ಕಾದಿದೆ. ಕ್ಯಾಮೆರಾ ಪೆಟ್ಟಿಗೆ 30. ನೂರರಿಂದ ನೂರಾ ತೊಂಬತ್ತೊಂಬತ್ತರ ತನಕ ಗುಮಾಸ್ತ ತನ್ನಿಷ್ಟದಂತೆ ಹಂಚಿಕೊಳ್ಳಬಹುದು, ಅದಕ್ಕಿಂತ ಕೆಳಗೆ ನನ್ನನ್ನು ಕೇಳದೆ ಮುಟ್ಟುವಂತಿಲ್ಲ. (ಕೆಲವು ರೂಟರುಗಳು ಖಾಯಂ ನಂಬರೂ ಹಂಚುವ ಸಾಲಿನೊಳಗೇ ಇರಬೇಕು ಎಂದು ಹಟ ಹಿಡಿಯುತ್ತವೆ. ಆಗ ಅವುಗಳ ಹಟವೇ ಗೆಲ್ಲಲಿ, ಸಾಲನ್ನೇ ದೊಡ್ಡದು ಮಾಡಿಕೊಳ್ಳಿ.) ಸೊನ್ನೆಯನ್ನು ಯಾರಿಗೂ ಕೊಡುವ ಹಾಗಿಲ್ಲ, ಅದು ಇಡೀ ಜಾಲದ ಹೆಸರು. 255ನ್ನೂ ಕೊಡುವ ಹಾಗಿಲ್ಲ, ಅದು ಎಲ್ಲರನ್ನೂ ಒಟ್ಟಿಗೆ ಕರೆಯುವ ಕೂಗು. ಉಳಿದದ್ದು 254. ಇಷ್ಟಾದರೆ ನಮ್ಮ ಮೂರು ತಲೆಮಾರಿಗೆ ಸಾಕು. ಪೋಸ್ಟೆಲ್ಲನ ಕಾಲದವರೂ ಹೀಗೆಯೇ ಅಂದುಕೊಂಡಿರಬೇಕು, ಇರಲಿ.

ಆಮೇಲೆ ಮೇಲಿನ ಮಹಡಿಗೆ ಎರಡನೆಯ ರೂಟರು ಬಂತು. ನಡುವಿನ ಆರ್‌ಸಿಸಿ ಮೌಲ್ಡು ವೈಫೈಯನ್ನು ಮೇಲಕ್ಕೆ ಬಿಡುತ್ತಿರಲಿಲ್ಲ. ಹೊಸದಕ್ಕೂ ಹಳೆಯದಕ್ಕೂ ಕಾರ್ಖಾನೆಯಲ್ಲೇ 192.168.1.1 ಎಂದು ಬರೆದಿತ್ತು. ಇಬ್ಬರು ಒಂದನೇ ನಂಬರಿನವರು, ಇಬ್ಬರು ಗುಮಾಸ್ತರು. ಕೇಬಲ್ ಹುಡುಗ ಬಂದು ಕೆಳಗಿನ ವಯರನ್ನು ಮೇಲಿನದರಲ್ಲಿ ಹೊರಗಿನ ನೆಟ್ಟಿಗೆಂದು ಬಿಟ್ಟ ನೀಲಿ ತೂತಿಗೆ ಸಿಕ್ಕಿಸಹೊರಟ. ಹಾಗೆ ಮಾಡಿದರೆ ಮೇಲಿನ ಮಹಡಿ ಬೇರೆಯೇ ಸಂಸಾರ ಹೂಡಿದಂತೆ. ಎರಡೂ ಕಡೆ ಒಂದೇ ನಂಬರಾದ್ದರಿಂದ ನೆಟ್ಟೇ ಬಾರದಿರಬಹುದು; ಬಂದರೆ ಯೂಟ್ಯೂಬು ಓಡುತ್ತದೆ, ಹುಡುಗ ಖುಷಿಯಿಂದ ಹೋಗುತ್ತಾನೆ. ಆದರೆ ಮೇಲೆ ಕೂತು ಪ್ರಿಂಟ್ ಒತ್ತಿದರೆ ಲ್ಯಾಪ್‌ಟಾಪು 20ನ್ನು ತನ್ನ ಮಹಡಿಯಲ್ಲೇ ಹುಡುಕುತ್ತದೆ. ಅದಕ್ಕೆ ಕೊಟ್ಟಿರುವ ಸೂತ್ರ 255.255.255.0: ಮೊದಲ ಮೂರು ಅಂಕಿ ನಿನ್ನವೇ ಆಗಿದ್ದರೆ ಮನೆಯೊಳಗೇ ಕೇಳು, ಬೇರೆಯಾಗಿದ್ದರೆ ಮಾತ್ರ ರೂಟರಿನ ಕೈಗೆ ಕೊಡು. ಮೂರೂ ಅಂಕಿ ತನ್ನವೇ, ಹಾಗಾಗಿ ಕೆಳಗಿಳಿದು ನೋಡುವ ಪ್ರಶ್ನೆಯೇ ಇಲ್ಲ.

ಸರಿಯಾದ ಕ್ರಮ ಬೇರೆ. ಹೊಸದನ್ನು ಒಂಟಿಯಾಗಿ ಲ್ಯಾಪ್‌ಟಾಪಿಗೆ ಕಟ್ಟಿ, ಮೊದಲು ಅದರ ಸ್ವಂತ ನಂಬರನ್ನು 2 ಮಾಡಬೇಕು. ಸೇವ್ ಒತ್ತಿದ ಕೂಡಲೇ ಪುಟ ಮಾಯವಾಗುತ್ತದೆ. ಗಾಬರಿ ಬೇಡ, ಅದು ಈಗ 1ರಲ್ಲಿಲ್ಲ, ಅಷ್ಟೇ, 192.168.1.2 ಎಂದು ಹೊಡೆದರೆ ಅಲ್ಲಿ ಸಿಗುತ್ತದೆ. ಆಮೇಲೆ ಅದರ ಗುಮಾಸ್ತನನ್ನು ಮನೆಗೆ ಕಳಿಸಬೇಕು, ಹಂಚುವವನು ಕೆಳಗಿನವನೊಬ್ಬನೇ ಸಾಕು. ಕೊನೆಗೆ ಕೆಳಗಿನಿಂದ ಬಂದ ವಯರನ್ನು ನೀಲಿ ತೂತಿಗಲ್ಲ, ಪಕ್ಕದ ಸಾಲಿನ ಯಾವುದಾದರೂ ಒಂದಕ್ಕೆ ಹಾಕಬೇಕು. ನೀಲಿ ಖಾಲಿಯೇ ಇರಲಿ. ಕೆಲಸದ ಅನುಕ್ರಮ ತಪ್ಪಿ ಗುಮಾಸ್ತನನ್ನು ಮೊದಲೇ ಕಳಿಸಿದರೆ, ನಡುವೆ ವಯರು ಬಿಚ್ಚಿ ಹಾಕಿದಾಗ ಲ್ಯಾಪ್‌ಟಾಪಿಗೆ ನಂಬರು ಕೊಡುವವರೇ ಇರುವುದಿಲ್ಲ. ಅದು ಕೂಗಿ ಕೂಗಿ ಸುಸ್ತಾಗಿ 169.254 ಎಂದು ಶುರುವಾಗುವ ಒಂದು ನಂಬರನ್ನು ತನಗೆ ತಾನೇ ಇಟ್ಟುಕೊಳ್ಳುತ್ತದೆ. ಎಲ್ಲೇ ಆಗಲಿ, 169 ಕಂಡರೆ ನಾನು ಬೇರೇನೂ ಯೋಚಿಸುವುದಿಲ್ಲ. ಯಾರೋ ಕೂಗಿದ್ದಾರೆ, ಯಾರೂ ಓಗೊಟ್ಟಿಲ್ಲ. ಮೊದಲು ವಯರು ನೋಡುತ್ತೇನೆ.

ರೂಟರಿನ ಪುಟದಲ್ಲಿ ಈಗ ಯಾರು ಯಾರು ಇದ್ದಾರೆ ಎಂಬ ಪಟ್ಟಿ ಇರುತ್ತದೆ. ಅದನ್ನು ಓದುವುದು ನನ್ನ ಸಂಜೆಯ ಒಂದು ಚಟ. ಇತ್ತೀಚೆಗೆ ಅದರ ರುಚಿ ಸ್ವಲ್ಪ ಕೆಟ್ಟಿದೆ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದಮೇಲೆ ಫೋನುಗಳು ಹುಟ್ಟುಗುರುತನ್ನು ಮುಚ್ಚಿಟ್ಟು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಗುರುತು ತೋರಿಸುತ್ತವೆ. ಮಾಲ್‌ಗಳಲ್ಲಿ ಯಾರೂ ನಮ್ಮ ಜಾಡು ಹಿಡಿಯಬಾರದೆಂದು ಮಾಡಿದ ಒಳ್ಳೆಯ ಕೆಲಸವೇ. ಆದರೆ ನಮ್ಮ ಮನೆಯಲ್ಲಿ ಕೆಳಗಿನ ವೈಫೈಗೊಂದು ಹೆಸರು, ಮೇಲಿನದಕ್ಕೊಂದು ಹೆಸರು ಇಟ್ಟಿದ್ದರಿಂದ ಒಂದೇ ಫೋನು ಮೆಟ್ಟಿಲು ಹತ್ತುತ್ತಲೇ ಬೇರೆ ಮನುಷ್ಯನಾಗಿ ಪಟ್ಟಿಗೆ ಬರುತ್ತಿತ್ತು. ಇಂಥವರನ್ನು ಹಿಡಿಯುವ ಗುಟ್ಟೊಂದಿದೆ: ಗುರುತಿನ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ವೇಷ. ಎರಡೂ ಮಹಡಿಗೆ ಒಂದೇ ಹೆಸರಿಟ್ಟ ಮೇಲೆ ಜನಸಂಖ್ಯೆ ಇಳಿಯಿತು.

ಒಮ್ಮೆ ಆ ಪಟ್ಟಿಯಲ್ಲಿ ಇಎಸ್‌ಪಿ ಎಂದು ಶುರುವಾಗಿ ಬಾಲಕ್ಕೆ ಏನೇನೋ ಅಂಟಿಸಿಕೊಂಡ ಹೆಸರೊಂದು ಕಾಣಿಸಿತು. ವೇಷವಲ್ಲ, ಅಸಲಿ ಗುರುತು. ಹಗಲು ರಾತ್ರಿ ಮನೆಯಲ್ಲೇ ಇರುತ್ತದೆ, ಮಾತು ಬಹಳ ಕಡಿಮೆ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನ ಮೇಲೆ ಅಣ್ಣನಿಗೆ ಗುಮಾನಿ. ಇಂಥದ್ದಕ್ಕೆ ನನ್ನ ಪತ್ತೇದಾರಿಕೆ ಸರಳ: ತಡೆ ಹಾಕು, ಯಾರು ಬೊಬ್ಬೆ ಹೊಡೆಯುತ್ತಾರೆ ನೋಡು. ಹಾಕಿದೆ. ಪಕ್ಕದ ಮನೆ ತಣ್ಣಗಿತ್ತು. ಮರುದಿನ ಬೆಳಿಗ್ಗೆ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು, ‘ಮೊಬೈಲಲ್ಲಿ ಎಷ್ಟು ಒತ್ತಿದ್ರೂ ಮೋಟರ್ ಹತ್ತಲ್ಲ ಕಣೋ, ನಲ್ಲೀಲಿ ನೀರಿಲ್ಲ’ ಎಂದರು. ಟ್ಯಾಂಕಿಗೆ ನೀರು ಹತ್ತಿಸಲು ಅಣ್ಣನೇ ಯಾರಿಗೂ ಹೇಳದೆ ವೈಫೈ ಸ್ವಿಚ್ಚು ಹಾಕಿಸಿಕೊಟ್ಟಿದ್ದ. ಇಂಥ ಅಗ್ಗದ ಸ್ವಿಚ್ಚು, ಬಲ್ಬುಗಳಲ್ಲಿ ಬಹಳಷ್ಟರ ಒಳಗಿರುವ ಚಿಪ್ಪಿನ ಹೆಸರೇ ಇಎಸ್‌ಪಿ. ಅದಕ್ಕೀಗ 40 ಕೊಟ್ಟಿದ್ದೇನೆ. ನನ್ನದೇ ಕಟ್ಟುಪಾಡಿನ ಪ್ರಕಾರ ಅದಕ್ಕೆ ಖಾಯಂ ನಂಬರು ಬೇಕಿಲ್ಲ, ಅದನ್ನು ಒಳಗಿನಿಂದ ಯಾರೂ ನಂಬರು ಹಿಡಿದು ಹುಡುಕುವುದಿಲ್ಲ. ಆದರೂ ಅಪ್ಪನ ಸ್ನಾನದ ವಿಷಯ, ಕಾಗದದಲ್ಲಿ ಒಂದು ಸಾಲು ಇರಲಿ ಎನಿಸಿತು.

ಹೊರಗಿನ ವಿಳಾಸ ಮಾತ್ರ ನನ್ನ ಅಧಿಕಾರಕ್ಕೆ ಒಳಪಟ್ಟದ್ದಲ್ಲ. ರೂಟರಿನ ಹೊರಮುಖದ ನಂಬರು ನೋಡಿದರೆ 100.64ರಿಂದ 100.127ರ ನಡುವಿನದು, ಅದೂ ಅಸಲಿಯಲ್ಲ, 2012ರಲ್ಲಿ ಇಂಟರ್ನೆಟ್ ಕಂಪನಿಗಳಿಗೆಂದೇ ತೆಗೆದಿಟ್ಟ ಒಳ ನಂಬರು. ಅಂದರೆ ನಮ್ಮ ಮನೆಯವರೆಲ್ಲ ಒಂದು ನಂಬರಿನ ಹಿಂದೆ, ಇಂಥ ಎಷ್ಟೋ ಮನೆಗಳು ಇನ್ನೊಂದು ನಂಬರಿನ ಹಿಂದೆ. ಊರಿಗೆ ಹೋದಾಗ ಕ್ಯಾಮೆರಾ ಪೆಟ್ಟಿಗೆಯನ್ನು ನೇರವಾಗಿ ತಲುಪಲು ಆಗದಿರುವುದು ಇದರಿಂದಲೇ. ಬೇಕೆಂದರೆ ವರ್ಷಕ್ಕಿಷ್ಟು ಎಂದು ಕೊಟ್ಟು ಸ್ಟಾಟಿಕ್ ಐಪಿ ಎಂಬ ಅಸಲಿ ಖಾಯಂ ವಿಳಾಸ ತೆಗೆದುಕೊಳ್ಳಬೇಕು. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಬಂದರೆ ಈ ಬಡತನವೆಲ್ಲ ಮುಗಿಯುತ್ತದೆ ಎನ್ನುತ್ತಾರೆ. ನಿಜ, 128 ಬಿಟ್ಟಿನ ವಿಳಾಸ, ನಮ್ಮ ಮೊಬೈಲುಗಳಲ್ಲಿ ಬಂದೇ ಬಿಟ್ಟಿದೆ. ಒಂದು ಮನೆಗೆ ಸಿಗುವ ತುಂಡೇ ಇಡೀ ಹಳೆಯ ಇಂಟರ್ನೆಟ್ಟಿಗಿಂತ ಕೋಟಿಗಟ್ಟಲೆ ಪಾಲು ದೊಡ್ಡದು. ಆದರೆ ಮೆಟ್ಟಿಲ ಬುಡದಲ್ಲಿ ನಿಂತು ಅತ್ತಿಗೆಗೆ ಕೂಗಿ ಹೇಳುವಂಥ ವಿಳಾಸ ಅದಲ್ಲ. ಆಫೀಸಿನೊಳಗೆ 20, 21 ಸಾಕು.

ಮೊನ್ನೆ ಮರೆವಿನ ಹಳೆಯ ಡಬ್ಬಿ ಸುಟ್ಟುಹೋಯಿತು. ಕೇಬಲ್ ಹುಡುಗ ಹೊಸದು ತಂದ. ಅದು 192.168.100.1 ಎಂಬ ನಂಬರು ಹೊತ್ತು ಬಂದಿತ್ತು. ಹಚ್ಚಿದ, ದೀಪಗಳು ಉರಿದವು, ಅವನ ಫೋನಿನಲ್ಲಿ ವೀಡಿಯೋ ಓಡಿತು.

‘ಆಯ್ತು ಸಾರ್, ನೆಟ್ ಬಂತು.’

‘ನೆಟ್ ಬಂತು, ಪ್ರಿಂಟರ್ ಹೋಯ್ತು. ಇದನ್ನ 192.168.1.1 ಮಾಡ್ಬೇಕಪ್ಪ.’

‘ಡೀಫಾಲ್ಟೇ ಇರ್ಲಿ ಬಿಡಿ ಸಾರ್. ನೀವು ನಿಮ್ಮ ಪ್ರಿಂಟರ್ ಚೇಂಜ್ ಮಾಡ್ಕೊಳಿ.’

ಪ್ರಿಂಟರೊಂದೇ ಆಗಿದ್ದರೆ ಮಾಡಿಕೊಳ್ಳಬಹುದಿತ್ತು. ಟ್ಯಾಲಿಯ ದಾರಿ, ಕ್ಯಾಮೆರಾ, ಮೇಲಿನ ರೂಟರು, ಮೂರು ಕಂಪ್ಯೂಟರಿನಲ್ಲಿ ಬರೆದಿಟ್ಟ ಹಳೆಯ ನಂಬರುಗಳು, ಎಲ್ಲವನ್ನೂ ಬದಲಿಸುವ ಬದಲು ಹೊಸದಾಗಿ ಬಂದವನೊಬ್ಬ ಬದಲಾದರೆ ಮುಗಿಯಿತು. ಅವನನ್ನು ಕೂರಿಸಿ, ಮೀಟರ್ ಬೋರ್ಡಿನ ಬಾಗಿಲು ತೆಗೆದು, ಕಾಗದ ನೋಡಿಕೊಂಡು ಒಂದೊಂದೇ ಸಾಲು ಹೊಡೆದೆವು. 1 ಮೊದಲು, ಆಮೇಲೆ ಹಂಚುವ ಸಾಲು, ಆಮೇಲೆ 10, 20, 21, 30, 40. ಕಾಫಿ ಆರುವಷ್ಟರಲ್ಲಿ ಕೆಳಗೆ ಪ್ರಿಂಟರು ಕರಕರ ಸದ್ದು ಮಾಡಿತು. ಅಣ್ಣ ತಲೆ ಎತ್ತಿಯೂ ನೋಡಲಿಲ್ಲ. ಹುಡುಗ ಹೊರಡುವಾಗ ಹೊಸ ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಕೇಳಿದೆ. ‘ಕಸ್ಟಮರ್‌ಗೆ ಕೊಡೋ ಹಾಗಿಲ್ಲ ಸಾರ್’ ಎಂದ. ಇನ್ನೊಂದು ಕಾಫಿ ಆಯಿತು. ಪಾಸ್‌ವರ್ಡು ಈಗ ಕಾಗದದ ಹಿಂಬದಿಯಲ್ಲಿದೆ.